ಕತ್ತಲೆ ಕೋಣೆಯ ದೀಪ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಏನು ನೋಡಿದಿರಿ ಎಂದು ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ದೀಪ ಹಿಡಿದ ಹೆಂಗಸಿನ ಚಿತ್ರ. ಕತ್ತಲೆ ಮಾಡಿದ ಕೋಣೆಯಲ್ಲಿ ಆ ದೀಪ ನಿಜಕ್ಕೂ ಉರಿಯುತ್ತಿರುವಂತೆ ಕಾಣುತ್ತದೆ. ನಾನು ಹೋದಾಗ ಮುಂದಿದ್ದವರೊಬ್ಬರು ಪಕ್ಕಕ್ಕೆ ಬಾಗಿ, ಚೌಕಟ್ಟಿನ ಹಿಂದೆ ಬಲ್ಬ್ ಇಟ್ಟಿದ್ದಾರೆಯೇ ಎಂದು ಇಣುಕಿದರು. ಅವರನ್ನು ನೋಡಿ ನಗುವಂತಿಲ್ಲ. ಆ ಕತ್ತಲೆಯಲ್ಲಿ ಹುಟ್ಟುವ ಪ್ರಶ್ನೆಯೇ ಅದು: ಬೆಳಕು ಎಲ್ಲಿಂದ ಬರುತ್ತಿದೆ? ಇದನ್ನು ಹೇಗೆ ಬರೆದರು ಎಂಬ ಪ್ರಶ್ನೆ ಹುಟ್ಟುವುದಿಲ್ಲ.

ನನಗೆ ಮುಖ್ಯವಾದದ್ದು ಈ ಎರಡನೆಯ ಪ್ರಶ್ನೆ. ಏಕೆಂದರೆ ಇದು ಜಲವರ್ಣ. ತೈಲವರ್ಣದಲ್ಲಾದರೆ ಕಪ್ಪಿನ ಮೇಲೆ ಬೆಳಕನ್ನು ಕೊನೆಗೂ ಹಚ್ಚಬಹುದು, ತಪ್ಪಿದರೆ ತಿದ್ದಬಹುದು. ಜಲವರ್ಣದಲ್ಲಿ ಬೆಳಕಿನ ಜಾಗವನ್ನು ಮೊದಲೇ ಕಾದಿಟ್ಟುಕೊಂಡು ಸುತ್ತಲೂ ಕತ್ತಲೆಯನ್ನು ಪದರಪದರವಾಗಿ ಕಟ್ಟಬೇಕು. ಅಲ್ಲಿ ಬೆಳಕೆಂದರೆ ಬಹುಮಟ್ಟಿಗೆ ಬಣ್ಣ ತಾಗದೆ ಉಳಿದ ಕಾಗದ. ದೀಪಕ್ಕೆ ಮರೆ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪು ಹೊಳೆಯುತ್ತದಲ್ಲ, ಆ ಕೆಂಪು ಒಂದಿಷ್ಟು ಹೆಚ್ಚು ನೀರು ಕುಡಿದಿದ್ದರೂ ಚಿತ್ರ ಕೆಡುತ್ತಿತ್ತು. ಕತ್ತಲೆ ಕೋಣೆಯಲ್ಲಿ ಈ ಕೈಚಳಕವೇ ಕಾಣುವುದಿಲ್ಲ.

ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್, ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. ರೂಪದರ್ಶಿ ಅವರ ಮಗಳು. ಆದರೂ ಕ್ಯಾಲೆಂಡರುಗಳಿಂದ ವಾಟ್ಸ್ಆ್ಯಪ್‌ವರೆಗೆ ಈ ಚಿತ್ರ ರವಿವರ್ಮನ ಹೆಸರಿನಲ್ಲೇ ಓಡಾಡುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬಂದದ್ದು ಸುಮಾರು ನಾಲ್ಕು ದಶಕಗಳ ನಂತರ. ಹಳೆಯದು, ಚೆಂದದ್ದು, ಸೀರೆ ಉಟ್ಟದ್ದು ಎಲ್ಲವೂ ಅವನದೇ ಎಂದು ನಾವು ಯಾವಾಗ ಒಪ್ಪಿಕೊಂಡೆವೋ!

ಈ ಕಟ್ಟಡ 1861ರದು, ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ರಾಜಮನೆತನ ಇಲ್ಲಿ ವಾಸವಿತ್ತು. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ. 1915ರಲ್ಲಿ ಚಿತ್ರಶಾಲೆಯಾಯಿತು. ಆಗಿ ನೂರು ವರ್ಷ ದಾಟಿದರೂ ತೋರಿಸುವ ರೀತಿ ಇನ್ನೂ ದರ್ಬಾರಿನದೇ ಎನಿಸುತ್ತದೆ. ಬಂದವರು ಬೆರಗಾಗಬೇಕು, ಬೆರಗಾಗಿ ಮುಂದೆ ಹೋಗಬೇಕು. ಪುಟ್ಟ ಸಿಪಾಯಿಗಳು ಸಾಲಾಗಿ ಬರುವ ಸಂಗೀತದ ಗಡಿಯಾರಕ್ಕೆ ಅದು ಒಪ್ಪುತ್ತದೆ, ಅದನ್ನು ಮಾಡಿದ್ದೇ ಬೆರಗಿಗಾಗಿ. ಹಲ್ದಂಕರ್ ಮಾಡಿದ್ದು ಆಟಿಕೆಯಲ್ಲ.

ಜಲವರ್ಣಕ್ಕೆ ಜೋರು ಬೆಳಕು ಆಗದು, ನಿಜ. ಆದರೆ ಮಂದ ಬೆಳಕೇ ಬೇರೆ, ಕತ್ತಲೆಯೇ ಬೇರೆ. ಕಾಗದದ ಮೇಲೆ ಕುಂಚ ಎಲ್ಲಿ ನಿಂತಿದೆ ಎಂದು ಗೊತ್ತಾಗುವಷ್ಟು ಮಂದ ಬೆಳಕು ಸಾಕು. ಪಕ್ಕದಲ್ಲಿ ಕಲಾವಿದರ ಹೆಸರು, ಅದರ ಕೆಳಗೆ 'ಕಾಗದದ ಮೇಲೆ ಜಲವರ್ಣ' ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿಟ್ಟರೆ ಆಯಿತು. ರವಿವರ್ಮನ ತೈಲಚಿತ್ರಗಳಿಗೆ ಇದೇ ಅರಮನೆಯಲ್ಲಿ ಬರವಿಲ್ಲ. ಎರಡನ್ನೂ ಒಂದೇ ದಿನ, ಒಂದೇ ಬೆಳಕಿನಲ್ಲಿ ನೋಡಿದವರಿಗೆ ಇದು ರವಿವರ್ಮನದಲ್ಲ ಎಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.