ಆತ್ಮದ ಮೂಲವೂ ದೇವರ ಪ್ರತಿರೂಪವೂ: ಆಗಸ್ಟೀನನ ಒಂದು ಗ್ರಂಥದ ವಿಮರ್ಶೆ

ಋಷಿಮೂಲ ನದೀಮೂಲಗಳನ್ನು ಕೆದಕಬಾರದೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಆದರೆ ಮನುಷ್ಯನು ತನ್ನ ಮೂಲವನ್ನು ಮಾತ್ರ ಕೆದಕದೆ ಬಿಟ್ಟವನಲ್ಲ. ದೇಹವು ತಾಯಿತಂದೆಗಳಿಂದ ಬಂದುದು ಸರಿಯೇ. ಅದರೊಳಗಿನ ಆತ್ಮವು ಎಲ್ಲಿಂದ ಬಂದಿತು? ಕ್ರೈಸ್ತ ಪಂಡಿತರು ಈ ಪ್ರಶ್ನೆಯನ್ನು ಹಿಡಿದು ಶತಮಾನಗಳ ಕಾಲ ವಾದ ನಡೆಸಿದರು. ಉತ್ತರ ಆಫ್ರಿಕದ ಹಿಪ್ಪೊ ನಗರದಲ್ಲಿ ಬಿಷಪನಾಗಿದ್ದ ಆಗಸ್ಟೀನನು ಕ್ರಿ. ಶ. 420ರ ಸುಮಾರಿಗೆ ಲ್ಯಾಟಿನಿನಲ್ಲಿ ಬರೆದ 'ಆತ್ಮ ಮತ್ತು ಅದರ ಮೂಲ'ವೆಂಬ ನಾಲ್ಕು ಭಾಗಗಳ ಗ್ರಂಥವು ಆ ವಾದದ ಕನ್ನಡಿಯಂತಿದೆ. ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಮೊದಲಿಗೆ ಪದಗಳ ವಿಚಾರ. ಆತ್ಮವೆಂದೊಡನೆ ಹುಟ್ಟುಸಾವುಗಳಿಲ್ಲದ ಅನಾದಿ ವಸ್ತುವು ಕನ್ನಡ ಓದುಗರ ಮನಸ್ಸಿಗೆ ಬರುತ್ತದೆ. ಕ್ರೈಸ್ತ ವಾದದಲ್ಲಿ ಆತ್ಮವು ದೇವರ ಅಂಶವಲ್ಲ. ಅದು ಸೃಷ್ಟಿಯಾದುದು, ಅದಕ್ಕೆ ಆದಿಯುಂಟು. ಹಾಗೆಯೇ ದೇವರು ಮನುಷ್ಯನನ್ನು ತನ್ನಂತೆ ನಿರ್ಮಿಸಿದನೆಂದು ಹೇಳುವ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ, ಪ್ರಚಲಿತ ಕನ್ನಡ ಬೈಬಲು 'ಸ್ವರೂಪ', 'ಹೋಲಿಕೆ' ಎಂಬ ಎರಡು ಪದಗಳನ್ನು ಬಳಸುತ್ತದೆ. ಸ್ವರೂಪವೆಂದರೆ ವೇದಾಂತದ ಪರಿಭಾಷೆಯಲ್ಲಿ ವಸ್ತುವಿನ ನಿಜಸ್ವಭಾವ. ಹೀಬ್ರೂ ಮೂಲದ 'ತ್ಸೆಲೆಮ್' ಎಂಬುದಾದರೋ ಕಡೆದ ವಿಗ್ರಹಕ್ಕೂ ಸಲ್ಲುವ ಪದ. ಆದ್ದರಿಂದ 'ಪ್ರತಿರೂಪ'ವೆಂಬುದೇ ಅದರ ಅರ್ಥಕ್ಕೆ ಹೆಚ್ಚು ಸಮೀಪವೆಂದು ನಮಗೆ ತೋರುತ್ತದೆ. ಪ್ರತಿರೂಪವು ಮೂಲವನ್ನು ತೋರಿಸುತ್ತದೆಯೇ ಹೊರತು ತಾನೇ ಮೂಲವಾಗುವುದಿಲ್ಲ.

ಇನ್ನು ಪಕ್ಷಗಳು. ಅಲೆಗ್ಸಾಂಡ್ರಿಯದ ಒರಿಗೆನ್ ಎಂಬವನ ಹೆಸರಿನೊಡನೆ ಕೂಡಿಬಂದ ಪೂರ್ವಸ್ಥಿತಿವಾದದ ಪ್ರಕಾರ ಆತ್ಮಗಳು ದೇಹಕ್ಕಿಂತ ಮುಂಚೆಯೇ ಇದ್ದು ಅನಂತರ ದೇಹಕ್ಕಿಳಿದವು. ಕ್ರಿ. ಶ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನನು ಶಾಸನ ಹೊರಡಿಸಿ ಇದನ್ನು ಖಂಡಿಸಿದನು. ಎರಡನೆಯದು ಸಂತತಿವಾದ. ಕಾರ್ಥೇಜಿನ ತೆರ್ತುಲ್ಲಿಯನನು ಮೂರನೆಯ ಶತಮಾನದ ಆರಂಭದಲ್ಲಿ ಇದನ್ನು ಪ್ರತಿಪಾದಿಸಿದನು: ದ್ರಾಕ್ಷಿಯ ಬಳ್ಳಿಯಿಂದ ಕುಡಿ ಹಬ್ಬುವಂತೆ ಆತ್ಮವು ತಂದೆಯಿಂದ ಮಗುವಿಗೆ ಇಳಿದುಬರುತ್ತದೆ. ಮೂರನೆಯದು ಸೃಷ್ಟಿವಾದ: ಪ್ರತಿಯೊಂದು ಶಿಶುವಿಗೂ ದೇವರು ಹೊಸ ಆತ್ಮವನ್ನು ಸೃಷ್ಟಿಸಿ ಕೊಡುತ್ತಾನೆ. ಬೆತ್ಲೆಹೇಮಿನಲ್ಲಿ ನೆಲೆಸಿದ್ದ ಜೆರೋಮನದು ಈ ಪಕ್ಷ.

ತರ್ಕದ ಈ ಜಟಿಲತೆಯ ನಡುವೆ ಇರುವುದು ಒಂದು ಹಸುಗೂಸು. ಆದಾಮನ ಪಾಪವು ಎಲ್ಲರಿಗೂ ತಗುಲಿದೆಯೆಂದೂ, ಸ್ನಾನದೀಕ್ಷೆಯಿಲ್ಲದೆ ಸತ್ತ ಶಿಶುವಿಗೆ ದಂಡನೆ ತಪ್ಪದೆಂದೂ ಆಗಸ್ಟೀನನು ನಂಬಿದ್ದನು. ಆತ್ಮವು ಆದಾಮನಿಂದ ಇಳಿದುಬಂದಿದ್ದರೆ ಪಾಪವೂ ಜೊತೆಗೆ ಬಂದಿತೆನ್ನಬಹುದು. ದೇವರೇ ಅದನ್ನು ಈಗ ಹೊಸದಾಗಿ ಸೃಷ್ಟಿಸಿದ್ದರೆ, ಏನೂ ಮಾಡದ ಆತ್ಮಕ್ಕೆ ದಂಡನೆ ಯಾವ ನ್ಯಾಯ? ಕ್ರಿ. ಶ. 415ರಲ್ಲಿ ಒರೋಸಿಯಸ್ ಎಂಬ ಪಾದ್ರಿಯ ಕೈಯಲ್ಲಿ ಕಾಗದ ಕಳುಹಿಸಿ ಆಗಸ್ಟೀನನು ಜೆರೋಮನನ್ನು ಕೇಳಿದುದು ಇದನ್ನೇ. ನಿನ್ನ ಪಕ್ಷವೇ ನನ್ನದೂ ಆಗಲೆಂದು ನನಗೆ ಆಸೆ, ಆದರೆ ಈ ಶಿಶುಗಳ ಗತಿಯನ್ನು ವಿವರಿಸಿಕೊಡು ಎಂಬುದು ಅದರ ತಾತ್ಪರ್ಯ. ಜೆರೋಮನಿಂದ ಸಮಾಧಾನ ಬರಲಿಲ್ಲ. ಉತ್ತರ ಬಂದೀತೆಂಬ ಆಸೆಯಿಂದ ಆತನು ಬದುಕಿರುವವರೆಗೂ ಆಗಸ್ಟೀನನು ಆ ಕಾಗದವನ್ನು ಪ್ರಕಟಿಸದೆ ಕಾದನು.

ನಮ್ಮ ಗ್ರಂಥವು ಹುಟ್ಟಿದುದು ಈ ಸಂದಿಗ್ಧದಲ್ಲಿ. ವಿನ್ಸೆಂಟಿಯಸ್ ವಿಕ್ಟರ್ ಎಂಬ ತರುಣನು, ಆತ್ಮದ ಮೂಲವನ್ನರಿಯದವನು ಪಶುವಿಗೆ ಸಮಾನನೆಂಬ ಧಾಟಿಯಲ್ಲಿ ಆಗಸ್ಟೀನನನ್ನು ಟೀಕಿಸಿದ್ದನು. ಮುದಿ ಬಿಷಪನು ರೇಗಲಿಲ್ಲ. ತರುಣನ ಹನ್ನೊಂದು ತಪ್ಪುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರೂ ಮಾತಿನಲ್ಲಿ ವಾತ್ಸಲ್ಯವನ್ನು ಬಿಡಲಿಲ್ಲ. ನಾಲ್ಕನೆಯ ಭಾಗದಲ್ಲಿ ಬರುವ ನಿದರ್ಶನವಂತೂ ಬಹು ಸೊಗಸಾದುದು. ಸಿಂಪ್ಲಿಸಿಯಸ್ ಎಂಬ ಬಾಲ್ಯಸ್ನೇಹಿತನು ವರ್ಜಿಲನ ಕಾವ್ಯವನ್ನು ಹಿಂದುಮುಂದಾಗಿಯೂ ಒಪ್ಪಿಸಬಲ್ಲವನಾಗಿದ್ದನು. ಪರೀಕ್ಷಿಸಿ ನೋಡುವವರೆಗೆ ಆ ಶಕ್ತಿ ತನ್ನಲ್ಲಿದೆಯೆಂದು ಅವನಿಗೇ ತಿಳಿದಿರಲಿಲ್ಲ. ತನ್ನ ನೆನಪಿನ ಆಳವನ್ನೇ ಅರಿಯದ ಮನಸ್ಸು ತನ್ನ ಮೂಲವನ್ನು ಅರಿಯದಿದ್ದರೆ ಆಶ್ಚರ್ಯವೇನು? ತನಗೆ ಅಂದೂ ತಿಳಿದಿರಲಿಲ್ಲ, ಇಂದೂ ತಿಳಿಯದೆಂದು ಆಗಸ್ಟೀನನು ಜೀವನದ ಕೊನೆಯ ವರ್ಷಗಳಲ್ಲಿಯೂ ಬರೆದಿಟ್ಟನು. ಈ ಪ್ರಾಮಾಣಿಕತೆಯೇ ಗ್ರಂಥದ ಹಿರಿಮೆ.

ಆದರೆ ಇಲ್ಲಿಯೇ ನಮ್ಮ ಆಕ್ಷೇಪವೂ ಇದೆ. ಆಗಸ್ಟೀನನು ಸಂದೇಹಪಟ್ಟುದು ಆತ್ಮದ ಮೂಲವನ್ನು ಕುರಿತು ಮಾತ್ರ. ಶಿಶುವಿನ ದಂಡನೆಯನ್ನು ಕುರಿತಲ್ಲ. ಆ ದಂಡನೆಯು ಎಲ್ಲಕ್ಕಿಂತ ಮೃದುವಾದುದೆಂದು ಬೇರೆಡೆ ಹೇಳಿದರೂ ಅದನ್ನು ಕೈಬಿಡಲಿಲ್ಲ. ವಿಚಿತ್ರವೆಂದರೆ, ತರ್ಕದಲ್ಲಿ ಸೋತ ವಿಕ್ಟರನೇ ದೀಕ್ಷೆಯಿಲ್ಲದೆ ಸತ್ತ ಶಿಶುಗಳಿಗೂ ಸದ್ಗತಿಯುಂಟೆಂದಿದ್ದನು. ಆಗಸ್ಟೀನನ ಎಣಿಕೆಯಲ್ಲಿ ಅದೂ ಒಂದು ತಪ್ಪು!

ಅದೇ ಕಾಲದಲ್ಲಿ ಅದೇ ಲೇಖನಿಯಿಂದ ಬೆಳೆಯುತ್ತಿದ್ದ 'ತ್ರಿತ್ವವನ್ನು ಕುರಿತು' ಎಂಬ ಗ್ರಂಥದಲ್ಲಿ ಆಗಸ್ಟೀನನು ಬೇರೆಯೇ ದನಿಯಲ್ಲಿ ಮಾತನಾಡುತ್ತಾನೆ. ನೆನಪು, ಅರಿವು, ಇಚ್ಛೆ ಎಂಬ ಮೂರರಿಂದ ಕೂಡಿದ ಮನಸ್ಸು ದೇವರ ಪ್ರತಿರೂಪ. ಅದು ಮಾಸಬಹುದು, ವಿಕಾರವಾಗಬಹುದು, ಪೂರ್ತಿ ಅಳಿಸಿಹೋಗದು. ಈ ತತ್ತ್ವವನ್ನು ಶಿಶುವಿನ ತೊಟ್ಟಿಲ ಬಳಿಗೆ ತಂದಿದ್ದರೆ ವಾದವು ಬೇರೆ ದಾರಿ ಹಿಡಿಯುತ್ತಿತ್ತೆಂದು ನಾವು ಭಾವಿಸುತ್ತೇವೆ.

ಹಾಗೆ ಹೋಗಲು ದಾರಿಯಿತ್ತೆಂಬುದಕ್ಕೆ ಸಾಕ್ಷಿ, ಆಗಸ್ಟೀನನಿಗಿಂತ ಒಂದು ತಲೆಮಾರು ಹಿಂದೆ, ಇಂದಿನ ಟರ್ಕಿಯಲ್ಲಿರುವ ಕಪ್ಪದೋಕ್ಯ ಪ್ರಾಂತದಲ್ಲಿದ್ದ ನಿಸ್ಸದ ಗ್ರೆಗೊರಿ. ಅವನ ಪ್ರಕಾರ ದೇಹವೂ ಆತ್ಮವೂ ಒಟ್ಟಿಗೆ ಆರಂಭವಾಗುತ್ತವೆ. ಪ್ರತಿರೂಪವು ಒಬ್ಬಿಬ್ಬರಿಗಲ್ಲ, ಮನುಷ್ಯಕುಲಕ್ಕೆಲ್ಲ ಸಂದುದು. ಈ ನಂಬಿಕೆಯುಳ್ಳವನು 'ಪ್ರಸಂಗಿ' ಗ್ರಂಥದ ಮೇಲಿನ ತನ್ನ ನಾಲ್ಕನೆಯ ಉಪನ್ಯಾಸದಲ್ಲಿ ಗುಲಾಮರ ಒಡೆಯರಿಗೆ ಹಾಕಿದ ಸವಾಲು ಅಪೂರ್ವವಾದುದು. ದೇವರ ಹೋಲಿಕೆಯಲ್ಲಿ ಹುಟ್ಟಿ ಭೂಮಿಯ ಒಡೆತನವನ್ನೇ ಪಡೆದವನನ್ನು ಕೊಳ್ಳಲು ಯಾವ ಬೆಲೆ ಸಾಕು, ಮಾರಲು ಯಾರಿಗೆ ಅಧಿಕಾರವೆಂಬುದು ಅದರ ಸಾರ. ತತ್ತ್ವವು ಇಲ್ಲಿ ಶಾಲೆಯ ಚರ್ಚೆಯನ್ನು ಬಿಟ್ಟು ಸಂತೆಯ ಬೀದಿಗೆ ಇಳಿಯಿತು.

ಮುಂದೆ ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಸೃಷ್ಟಿವಾದವನ್ನು ಸಮರ್ಥಿಸಿದನು; ಕಥೋಲಿಕ ಸಭೆಯ ಬೋಧನೆಯೂ ಅದೇ ಆಯಿತು. ಲೂಥರನ ಒಲವು ಸಂತತಿವಾದದ ಕಡೆಗಿತ್ತು, ಕಾಲ್ವಿನನದು ಸೃಷ್ಟಿವಾದದ ಕಡೆಗೆ. ಶಿಶುವಿನ ಪ್ರಶ್ನೆ ಮಾತ್ರ ಬಹುಕಾಲ ಉಳಿಯಿತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ದೀಕ್ಷೆಯಿಲ್ಲದೆ ಸತ್ತ ಶಿಶುಗಳ ಸದ್ಗತಿಯಲ್ಲಿ ಭರವಸೆಯಿಡಲು ಬಲವಾದ ಆಧಾರಗಳಿವೆಯೆಂದು ಪ್ರಕಟಿಸಿತು. ಆಗಸ್ಟೀನನ ಕಾಗದಕ್ಕೆ ಸುಮಾರು ಸಾವಿರದ ಆರುನೂರು ವರ್ಷಗಳ ಮೇಲೆ ಬಂದ ಉತ್ತರವಿದು ಎನ್ನಬಹುದು.

ಮಕ್ಕಳೊಡನೆ ದಿನಗಳೆಯುವ ಉಪಾಧ್ಯಾಯರಿಗೆ ಈ ಹಳೆಯ ವಾದವು ಹೊರಗಿನದಲ್ಲ. ಮಗುವಿನ ಕುಲ, ಮನೆತನ, ಹುಟ್ಟಿದ ಊರುಗಳಿಂದ ಅದರ ಯೋಗ್ಯತೆಯನ್ನು ಅಳೆಯುವ ಚಪಲವು ಎಲ್ಲ ಕಾಲದಲ್ಲಿಯೂ ಉಂಟು. ಮೂಲವು ತಿಳಿಯದೆಂದು ಒಪ್ಪಿಕೊಳ್ಳುವ ವಿನಯವನ್ನು ಆಗಸ್ಟೀನನಿಂದಲೂ, ಮೂಲವೇನೇ ಇರಲಿ ಬೆಲೆ ಕುಂದದೆಂಬ ಧೈರ್ಯವನ್ನು ಗ್ರೆಗೊರಿಯಿಂದಲೂ ಕಲಿಯಬೇಕಾಗಿದೆ. ಎರಡೂ ಕೂಡಿದಾಗಲೇ ಈ ವಿಚಾರವು ಪೂರ್ಣವಾಗುವುದೆಂದು ನಮ್ಮ ಅಭಿಪ್ರಾಯ.