ಸ್ಟ್ಯಾಟಿನ್ ಮೇಲೊಂದು ಅಣಬೆ ಕ್ಯಾಪ್ಸೂಲ್

ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೂ ಅಣಬೆಯ ಕುಲಕ್ಕೂ ಹಳೆಯ ನಂಟಿದೆ. ಜಪಾನಿನ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಪೆನಿಸಿಲಿಯಂ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೊವಾಸ್ಟ್ಯಾಟಿನ್ ಕೂಡ ಬೂಷ್ಟಿನಿಂದ ಬಂದದ್ದೇ. ಅದೇ ಅಣು ಚಿಪ್ಪು ಅಣಬೆಯಲ್ಲೂ ಇದೆ. ಹೀಗಿರುವಾಗ ಮಾತ್ರೆ ರಾಸಾಯನಿಕ, ಅಣಬೆ ನೈಸರ್ಗಿಕ, ಜೊತೆಗೆ ತಗೊಂಡರೆ ಏನೂ ಆಗದು ಎಂಬ ನಂಬಿಕೆಗೆ ಬುಡವೇ ಇಲ್ಲ.

ಪಲ್ಯದ ಅಣಬೆಯ ಬಗ್ಗೆ ತಕರಾರಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದವರು ಹುಲ್ಲು ತುಂಬಿದ ಚೀಲಗಳಲ್ಲಿ ಬೆಳೆಯುವ ಚಿಪ್ಪು ಅಣಬೆ ಊಟದ ಪದಾರ್ಥ. ತಕರಾರಿರುವುದು ಸಾಂದ್ರೀಕರಿಸಿದ ಸಾರದ ಬಗ್ಗೆ.

ಅಂಥ ಸಾರದ ಕ್ಯಾಪ್ಸೂಲ್ ಡಬ್ಬಿಯೊಂದನ್ನು ತಿರುಗಿಸಿ ನೋಡಬೇಕು. ಮುಂದುಗಡೆ ಹೃದಯದ ಚಿತ್ರ, ‘10:1 ಸಾರ’ ಎಂಬ ದಪ್ಪ ಅಕ್ಷರ. ಹಿಂದುಗಡೆ, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಔಷಧವಾಗಿ ಬಳಸಲು ಅಲ್ಲ ಎಂಬ ಸೂಚನೆ. ಹತ್ತು ಕಿಲೋ ಅಣಬೆಯಿಂದ ಒಂದು ಕಿಲೋ ಸಾರ ತೆಗೆದರು ಎಂದಷ್ಟೇ ಆ ಅನುಪಾತ ಹೇಳುತ್ತದೆ. ಕೆಲಸ ಮಾಡುವ ವಸ್ತು ಎಷ್ಟು ಮಿಲಿಗ್ರಾಂ ಇದೆ ಎಂಬುದನ್ನಲ್ಲ. ಅಟೊರ್ವಾಸ್ಟ್ಯಾಟಿನ್‌ನಲ್ಲಿ 10 ಮತ್ತು 40 ಮಿಲಿಗ್ರಾಂ ನಡುವಿನ ಅಂತರವನ್ನು ವೈದ್ಯರು ಅಷ್ಟು ಎಚ್ಚರದಿಂದ ಅಳೆಯುವಾಗ, ಅಳತೆಯೇ ಇಲ್ಲದ ಇನ್ನೊಂದನ್ನು ಅದರ ಮೇಲೆ ಸೇರಿಸುವುದು ಸರಿಯಲ್ಲ.

ಕ್ಯಾಪ್ಸೂಲುಗಳಲ್ಲಿ ಬರುವ ರೀಶಿ ಎಂಬ ಅಣಬೆಯ ವಿಷಯದಲ್ಲಿ ಆತಂಕ ಇನ್ನೂ ಸ್ಪಷ್ಟ. ಅಟೊರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್‌ಗಳನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ರೀಶಿಯ ಅಂಶಗಳು ಪ್ರಯೋಗಾಲಯದಲ್ಲಿ ತಡೆದಿವೆ. ದೇಹದಲ್ಲೂ ಹಾಗಾದರೆ ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತದೆ, ಸ್ನಾಯುಗಳಿಗೆ ಪೆಟ್ಟು ಬೀಳುತ್ತದೆ. ರೊಸುವಾಸ್ಟ್ಯಾಟಿನ್ ಆ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ, ಆದರೆ ಯಕೃತ್ತಿನ ಮೇಲಿನ ಹೊರೆ ಅದರಿಂದ ತಪ್ಪುವುದಿಲ್ಲ. 2007ರಲ್ಲಿ ಥಾಯ್ಲೆಂಡಿನ ವೈದ್ಯರು ದಾಖಲಿಸಿದ ಪ್ರಕರಣದಲ್ಲಿ, ರೀಶಿ ಕಷಾಯವನ್ನು ತೊಂದರೆಯಿಲ್ಲದೆ ಕುಡಿಯುತ್ತಿದ್ದ ಮಹಿಳೆ ಪುಡಿಗೆ ಬದಲಾದ ಮೇಲೆ ಯಕೃತ್ತು ವಿಫಲವಾಗಿ ತೀರಿಕೊಂಡರು.

ಇಷ್ಟಕ್ಕೆಲ್ಲ ಸಿಗುವ ಲಾಭವೇನು? ಮಧುಮೇಹಿಗಳ ಹೃದಯಾಪಾಯ ತಗ್ಗಿಸಲು ರೀಶಿ ನೆರವಾಗುತ್ತದೆಂಬುದಕ್ಕೆ 2015ರ ಕಾಕ್ರೇನ್ ಪರಾಮರ್ಶೆಯಲ್ಲಿ ಆಧಾರ ಸಿಗಲಿಲ್ಲ. ಸ್ಟ್ಯಾಟಿನ್ ಹೃದಯಾಘಾತ ತಗ್ಗಿಸುತ್ತದೆ ಎಂಬುದಕ್ಕೋ ದಶಕಗಳ ಪ್ರಯೋಗಗಳಿವೆ. ಕ್ಯಾಪ್ಸೂಲ್ ನಂಬಿ ಮಾತ್ರೆ ಬಿಡುವುದಂತೂ ಎಲ್ಲಕ್ಕಿಂತ ದುಬಾರಿ ತಪ್ಪು.

ಆದರೂ ತಗೊಳ್ಳಲೇಬೇಕೆನ್ನುವವರು ಡಬ್ಬಿಯನ್ನೇ ವೈದ್ಯರ ಮುಂದಿಡಬೇಕು, ಶುರುಮಾಡುವ ಮೊದಲೂ ಕೆಲ ವಾರಗಳ ನಂತರವೂ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಕಾರಣವಿಲ್ಲದ ಸ್ನಾಯುನೋವು, ಕಂದು ಬಣ್ಣದ ಮೂತ್ರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಂಜಿಯೋಪ್ಲಾಸ್ಟಿ ಆಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಿರುವವರಿಗೆ ರೀಶಿ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟುವುದನ್ನು ಅದೂ ತಡೆಯಬಲ್ಲದು.