ಕಾಲಾತಿಕ್ರಮವೂ ಅತಿಚಾರವೇ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಒಂದಾದ ಅತಿಥಿಸಂವಿಭಾಗಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕಡೆಯ ಎರಡು ಮಾತ್ಸರ್ಯ ಮತ್ತು ಕಾಲಾತಿಕ್ರಮ. ಆದರವಿಲ್ಲದೆ, ಅಥವಾ ಮತ್ತೊಬ್ಬ ದಾನಿಯ ಹಿರಿಮೆಯನ್ನು ಸಹಿಸದೆ ಕೊಡುವುದು ಮಾತ್ಸರ್ಯ. ಕೊಡಬೇಕಾದ ಹೊತ್ತು ಮೀರಿದ ಮೇಲೆ ಕೊಡುವುದು ಕಾಲಾತಿಕ್ರಮ. ಮುನಿಗಳ ಆಹಾರದಾನವನ್ನು ಕುರಿತ ಈ ಮಾತುಗಳನ್ನು ಹೃದ್ರೋಗಿ ಮಕ್ಕಳ ಶಸ್ತ್ರಚಿಕಿತ್ಸೆಗೆ ಇಂದು ಸಲ್ಲುತ್ತಿರುವ ನೆರವಿಗೆ ಅನ್ವಯಿಸಿ ನೋಡಿದರೆ, ಕೊಟ್ಟ ಮೊತ್ತಕ್ಕಿಂತ ಕೊಟ್ಟ ರೀತಿಯೇ ವಿಮರ್ಶೆಗೆ ಅರ್ಹವೆಂದು ತಿಳಿಯುತ್ತದೆ.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ಭಾರತದಲ್ಲಿ ಇಂಥ ಶಿಶುಗಳು ವರ್ಷಕ್ಕೆ 2 ಲಕ್ಷಕ್ಕೂ ಮಿಗಿಲೆಂದೂ, ಅವರಲ್ಲಿ ಸುಮಾರು ಐದನೆಯ ಒಂದು ಪಾಲಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕೆಂದೂ ಅಂದಾಜಿದೆ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ ಕೂಸಿಗೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆಯಾಗಬೇಕು. ಹೃದಯದ ಕೆಳಕೋಣೆಗಳ ನಡುವಣ ಗೋಡೆಯಲ್ಲಿ ದೊಡ್ಡ ರಂಧ್ರವಿದ್ದರೆ, ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ನುಗ್ಗಿ ಅಲ್ಲಿಯ ರಕ್ತನಾಳಗಳು ಕ್ರಮೇಣ ಗಡುಸಾಗುತ್ತವೆ; ಒಂದು ಹಂತ ದಾಟಿದರೆ ಆ ರಂಧ್ರವನ್ನು ಮುಚ್ಚುವುದೇ ಪ್ರಾಣಕ್ಕೆ ಅಪಾಯ. ಆಗ ಹಣವಿದ್ದೂ ಫಲವಿಲ್ಲ.

ಹೀಗಿರುವಾಗ, ಬಂದ ಅರ್ಜಿಗಳನ್ನು ವರ್ಷಕ್ಕೊಮ್ಮೆ ಸೇರುವ ಸಭೆಗೆ ಕಾದಿರಿಸುವುದು, ದಶಲಕ್ಷಣ ಪರ್ವದ ಸಮಾರಂಭದಲ್ಲೇ ಘೋಷಿಸಬೇಕೆಂದು ಮಂಜೂರಾತಿಯನ್ನು ತಡೆಹಿಡಿಯುವುದು ಕಾಲಾತಿಕ್ರಮವಲ್ಲದೆ ಮತ್ತೇನು? ಸಾರ್ವಜನಿಕ ಹಣಕ್ಕೆ ಲೆಕ್ಕವಿರಬೇಕು, ಪರಿಶೀಲನೆ ನಡೆಯಬೇಕು ಎಂಬ ವಿಶ್ವಸ್ತರ ಮಾತು ನ್ಯಾಯವೇ. ಆದರೆ ಪರಿಶೀಲನೆಯೆಂದರೆ ವಿಳಂಬವೆಂದು ಅರ್ಥವಲ್ಲ. ಒಂದು ಮೊತ್ತವನ್ನು ಮೊದಲೇ ಮೀಸಲಿಟ್ಟು, ಇಬ್ಬರು ವಿಶ್ವಸ್ತರಿಗೆ ಅಧಿಕಾರ ಕೊಟ್ಟು, ತಜ್ಞ ವೈದ್ಯರ ಪತ್ರ ಬಂದ ಎರಡು ಮೂರು ದಿನಗಳೊಳಗೆ ಆಸ್ಪತ್ರೆಯ ಹೆಸರಿಗೇ ಹಣ ಸಲ್ಲಿಸಬಹುದು. ಲೆಕ್ಕವನ್ನು ಮುಂದಿನ ಸಭೆಯಲ್ಲಿ ಒಪ್ಪಿಸಬಹುದು.

ಮಾತ್ಸರ್ಯದ ರೂಪಗಳು ಇನ್ನೂ ಸೂಕ್ಷ್ಮವಾದವು. ರೋಗಿ ಮಗುವನ್ನು ವೇದಿಕೆಗೆ ಕರೆತಂದು, ಚೆಕ್ಕಿನ ಪಕ್ಕದಲ್ಲಿ ನಿಲ್ಲಿಸಿ ಭಾವಚಿತ್ರ ತೆಗೆಸುವಾಗ, ಅಭಯದಾನವಾಗಬೇಕಾದದ್ದು ತಂದೆತಾಯಿಗಳ ತಲೆ ತಗ್ಗಿಸುವ ಋಣವಾಗಿಬಿಡುತ್ತದೆ. ಮಗು ಸಮಾಜದ್ದೋ ಅನ್ಯರದ್ದೋ ಎಂದು ಮೊದಲು ಕೇಳುವುದೂ ಇಂಥದೇ ದೋಷ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪಾತ್ರದತ್ತಿ, ಸಮದತ್ತಿಗಳಿಂದ ಬೇರೆಯಾಗಿಯೇ ದಯಾದತ್ತಿಯನ್ನು ಹೇಳಿದ್ದಾರೆ. ಪಾತ್ರದತ್ತಿಗೆ ಪಾತ್ರವಿವೇಚನೆ ಬೇಕು. ಸಮದತ್ತಿ ಸಮಾನರಿಗೆ ಸಲ್ಲುತ್ತದೆ. ದಯಾದತ್ತಿಗಾದರೋ ಜೀವದ ಸಂಕಟವೊಂದೇ ಅರ್ಹತೆ.

ಸರ್ಕಾರದ ಯೋಜನೆಗಳಿರುವಾಗ ಟ್ರಸ್ಟುಗಳಿಗೇನು ಕೆಲಸವೆಂದು ಕೆಲವರು ಕೇಳುವುದುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳ ಹೃದಯದೋಷವನ್ನು ಗುರುತಿಸುವ ಹೊಣೆ ಹೊತ್ತಿದೆ. 2018ರ ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬಗಳ ಆಸ್ಪತ್ರೆಯ ವೆಚ್ಚವನ್ನು ಭರಿಸುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ತೆರೆದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಶುಲ್ಕವೇ ಇಲ್ಲ. ಇವೆಲ್ಲ ನಿಜ. ಆದರೂ ದೂರದ ಹಳ್ಳಿಯ ಕೂಲಿಕಾರನಿಗೆ ಪ್ರಯಾಣದ ಖರ್ಚು, ವಾರಗಟ್ಟಲೆ ಕೂಲಿಯ ನಷ್ಟ, ನಗರದಲ್ಲಿ ತಂಗಲು ನೆಲೆಯಿಲ್ಲದ ಪಾಡು ತಪ್ಪಿಲ್ಲ. ಕೀಲುವಾತ ಜ್ವರದಿಂದ ಕವಾಟ ಕೆಟ್ಟು ಲೋಹದ ಕವಾಟ ಹಾಕಿಸಿಕೊಂಡ ಮಗುವಿಗೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ಬೇಕು, ನಿಯತವಾಗಿ ರಕ್ತಪರೀಕ್ಷೆಯೂ ಬೇಕು. ಮಾತ್ರೆ ನಿಂತರೆ ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆಯೂ ವ್ಯರ್ಥವಾದೀತು.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕಾಗಿ ವಿಂಗಡಿಸಿರುವುದು ಇಲ್ಲಿ ಗಮನಾರ್ಹ. ಸಂಯಮಿಗಳ ಸೇವೆಗಾಗಿ ಹೇಳಿದ ಈ ಕ್ರಮ ಮಗುವಿನ ಆರೈಕೆಗೂ ದಾರಿ ತೋರಿಸಬಲ್ಲದು. ಔಷಧದಾನವೊಂದನ್ನೇ ಹಿಡಿದು ಉಳಿದ ಮೂರನ್ನು ಬಿಟ್ಟರೆ ಸೇವೆ ಅರೆಯಾಗುತ್ತದೆ. ನಗರದ ಬಸದಿಗಳ ಧರ್ಮಶಾಲೆಗಳಲ್ಲಿ ಇಂಥ ಕುಟುಂಬಗಳಿಗೆಂದು ಎರಡು ಕೋಣೆ ಮೀಸಲಿಟ್ಟು, ಎರಡು ಹೊತ್ತಿನ ಊಟ ಒದಗಿಸುವುದು ಅಸಾಧ್ಯವೇನಲ್ಲ. ಅದಕ್ಕೆ ಫಲಕ ಬೇಕಿಲ್ಲ, ಸಮಾರಂಭವೂ ಬೇಕಿಲ್ಲ.

ದಾನಿಗೆ ಮುಂದಿನ ಪರ್ವ ಬಂದೇ ಬರುತ್ತದೆ. ಆ ಮಗುವಿಗೆ ಮುಂದಿನ ಭಾದ್ರಪದ ಬರುವುದೇ ಎಂಬುದು ಮಾತ್ರ ಅರ್ಜಿ ಕೈಸೇರಿದ ವಾರದಲ್ಲಿ ವಿಶ್ವಸ್ತರು ತಳೆಯುವ ನಿರ್ಧಾರವನ್ನು ಅವಲಂಬಿಸಿದೆ.